ಕೂತ್ಕೊಳ್ಳೋ ಜಾಗದ ಬಿರುಕು

ನಮ್ಮ ಭಾವ ಅಳತೆ ಮತ್ತು ತೂಕದ ಕಚೇರಿಯಲ್ಲಿ ಗುಮಾಸ್ತರು. ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಲೀಟರು ಎಲ್ಲ ಸರಿಯಾಗಿದೆಯೇ ಎಂದು ನೋಡಿ ಮುದ್ರೆ ಒತ್ತಿಕೊಡುವ ಕಚೇರಿ ಅದು. ಇಪ್ಪತ್ತೆರಡು ವರ್ಷ ಅಲ್ಲಿ ಕೂತು ಕೂತು ಅವರಿಗೊಂದು ಗುಣ ಅಂಟಿಬಿಟ್ಟಿದೆ. ಯಾವುದನ್ನೂ ಅಂದಾಜಿನಲ್ಲಿ ಹೇಳುವುದಿಲ್ಲ. ‘ಸ್ವಲ್ಪ ಹೊತ್ತು ಬಿಟ್ಟು ಬರ್ತೀನಿ’ ಅನ್ನುವುದಿಲ್ಲ, ‘ಹದಿನೇಳು ನಿಮಿಷ’ ಅನ್ನುತ್ತಾರೆ. ಇಷ್ಟು ಕರಾರುವಾಕ್ಕಾದ ಮನುಷ್ಯ, ತನ್ನ ಬಗ್ಗೆ ಇಡೀ ಕಚೇರಿ ಏನು ಮಾತಾಡಿಕೊಳ್ಳುತ್ತಿದೆ ಎಂಬುದು ಗೊತ್ತೇ ಇಲ್ಲದೆ ಮೂರು ವಾರ ಎದೆಯುಬ್ಬಿಸಿಕೊಂಡು ಓಡಾಡಿದರು. ಅದಕ್ಕೆಲ್ಲ ಕಾರಣ ಒಂದು ಕಾರು.

ಕಾರು ಹೊಸದಲ್ಲ. ಹಲ್ಲಿನ ಡಾಕ್ಟರೊಬ್ಬರು ಹನ್ನೆರಡು ವರ್ಷ ಓಡಿಸಿ ಸಾಕಾಗಿ ಮಾರಿದ್ದು. ಬಾನೆಟ್ಟಿನ ಬಣ್ಣ ಮಾಸಿತ್ತು, ಹಾರ್ನು ಗಂಟಲು ಕಟ್ಟಿದವರ ಹಾಗೆ ಕೂಗುತ್ತಿತ್ತು. ಆದರೆ ಸೀಟುಗಳು ಲೆದರಿನವು. ಭಾವ ಬಾಗಿಲು ತೆಗೆದು, ತಲೆ ಒಳಗಿಟ್ಟು, ಒಮ್ಮೆ ಉಸಿರೆಳೆದುಕೊಂಡರು. ಎಂಜಿನ್ ಕಡೆ ತಿರುಗಿಯೂ ನೋಡದೆ ಒಪ್ಪಿಕೊಂಡು ಬಂದರು.

“ರೆಕ್ಸಿನ್ ಅಲ್ಲ ಕಣೋ. ಚರ್ಮ,” ಅಂದರು ನನಗೆ.

“ಲೆದರಾ ಭಾವ?” ಅಂದೆ.

“ಚರ್ಮ ಅನ್ನು. ನಮ್ಮ ಮಾತಲ್ಲಿ ಪದ ಇರುವಾಗ ಲೆದರ್ ಯಾಕೆ? ಲೆದರ್ ಅಂದ್ರೆ ಚಪ್ಪಲಿ ಅಂಗಡಿಯವನ ಮಾತು. ಚರ್ಮ ಅಂದ್ರೆ ಅದಕ್ಕೊಂದು ತೂಕ ಇದೆ.”

ಕಚೇರಿಯ ಸುತ್ತೋಲೆಗಳ ಭಾಷೆ ತಿದ್ದುವ ಕೆಲಸವೂ ಅವರದೇ ಆದ್ದರಿಂದ ನಾನು ವಾದಕ್ಕೆ ಹೋಗಲಿಲ್ಲ. ಹೋಗಿದ್ದರೆ ಮುಂದಿನದೆಲ್ಲ ನಡೆಯುತ್ತಿರಲಿಲ್ಲ.

ಚರ್ಮ ಮನೆಗೆ ಬಂದ ದಿನದಿಂದ ಮನೆಯವರು ಎರಡನೇ ದರ್ಜೆಯವರಾದರು. ಹೆರಳಿಗೆ ಕ್ಲಿಪ್ ಹಾಕಿದವರು ಸೀಟಿಗೆ ಒರಗುವಂತಿಲ್ಲ. ಪ್ಯಾಂಟಿನ ಹಿಂದೆ ಲೋಹದ ಗುಂಡಿ ಇದ್ದವರು ಕೂರುವಂತಿಲ್ಲ. ಕೈಗೆ ಎಣ್ಣೆ, ಮುಲಾಮು, ಪೌಡರು ಹಚ್ಚಿಕೊಂಡವರು ಏನನ್ನೂ ಮುಟ್ಟುವಂತಿಲ್ಲ. ಹಿಂದಿನ ಸೀಟಿನ ಮೇಲೆ ಒಂದು ಹಾಳೆ, ಅದರ ಮೇಲೆ ಬಿಳಿ ಟವಲು, ಟವಲಿನ ಮೇಲೆ ಇನ್ನೊಂದು ಹಾಳೆ. ನಮ್ಮಕ್ಕ ಮೊದಲ ಸಲ ಹತ್ತಿ ಕೂತಾಗ ಸರಕ್ಕನೆ ಜಾರಿ ಮುಂದಿನ ಸೀಟಿಗೆ ಮಂಡಿ ತಗಲಿಸಿಕೊಂಡಳು. ಭಾವ ತಕ್ಷಣ ಇಳಿದು ಬಂದು, ಬಗ್ಗಿ, ಮುಂದಿನ ಸೀಟಿನ ಬೆನ್ನು ಸವರಿ ನೋಡಿದರು.

“ಏಟು ಬಿದ್ದಿದ್ದು ನನಗೆ ರೀ,” ಅಂದಳು ಅಕ್ಕ.

“ನಿನಗೆ ಎರಡು ದಿನಕ್ಕೆ ವಾಸಿ ಆಗುತ್ತೆ. ಇದಕ್ಕೆ ಗೀರು ಬಿದ್ರೆ ಬಿತ್ತು.”

ಅವತ್ತಿನಿಂದ ಅಕ್ಕ ಬಸ್ಸಿನಲ್ಲೇ ಓಡಾಡಿದಳು. ಭಾವನಿಗೆ ಬೇಜಾರೇನೂ ಆದಂತೆ ಕಾಣಲಿಲ್ಲ.

ಕಾರು ತೆಗೆದುಕೊಂಡ ವಿಷಯವನ್ನು ಅವರು ಕಚೇರಿಯಲ್ಲಿ ಹೇಳಿರಲಿಲ್ಲ. ನಾವಾಗಿ ಹೇಳಿದರೆ ಜಂಬ ಅನ್ನುತ್ತಾರೆ, ತಾನಾಗಿ ಗೊತ್ತಾದರೆ ಗೌರವ ಎಂಬುದು ಅವರ ಲೆಕ್ಕ. ಅದೂ ಅಲ್ಲದೆ ಕಚೇರಿಯ ಮುಂದೆ ಒಂದಿಷ್ಟೂ ನೆರಳಿಲ್ಲ. ಹಿಂದಿನ ಓಣಿಯಲ್ಲಿ ಎರಡು ದೊಡ್ಡ ಮರಗಳಿವೆ. ಅಲ್ಲಿ ಯಾರೂ ಹಾಯುವುದಿಲ್ಲ. ಕಾರು ಅಲ್ಲಿ ನಿಲ್ಲುತ್ತಿತ್ತು. ಭಾವ ಎಂದಿನಂತೆ ನಡೆದು ಬಂದವರ ಹಾಗೆ ಮುಂಬಾಗಿಲಿನಿಂದ ಒಳಗೆ ಹೋಗಿ, ಯಾರಾದರೂ ಪತ್ತೆ ಹಚ್ಚಲಿ ಎಂದು ಕಾಯುತ್ತಿದ್ದರು.

ಹತ್ತನೆಯ ದಿನ ಬಿರುಕು ಕಾಣಿಸಿಕೊಂಡಿತು. ಡ್ರೈವರ್ ಸೀಟಿನ ಬಲ ಅಂಚಿನಲ್ಲಿ, ಹತ್ತಿ ಇಳಿಯುವ ಕಡೆ. ಭಾವ ನೆಲಕ್ಕೆ ಮಂಡಿಯೂರಿ, ಟಾರ್ಚ್ ಬಿಟ್ಟು, ಸ್ಕೇಲಿಟ್ಟು ಅಳೆದು, ಒಂದು ಚೀಟಿಯಲ್ಲಿ ಬರೆದುಕೊಂಡರು. ಆಮೇಲೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕಾರಿನ ಸಾಮಾನು ಮಾರುವ ಅಂಗಡಿಗೆ ಫೋನು ಮಾಡಿದರೆ ಅವನು, “ಸೀಟಿಗೆ ಹಚ್ಚೋ ಕ್ರೀಮು ಖಾಲಿ ಸಾರ್, ಬರೋ ವಾರ ಬರುತ್ತೆ. ಮೈಗೆ ಹಚ್ಚೋದಕ್ಕೂ ಅದಕ್ಕೂ ಅಷ್ಟೇನೂ ವ್ಯತ್ಯಾಸ ಇಲ್ಲ ಬಿಡಿ, ಚರ್ಮ ಅಂದ್ಮೇಲೆ ಚರ್ಮನೇ, ಒಣಗಿದ್ರೆ ಬಿರಿಯುತ್ತೆ,” ಅಂದ. ಬರುವ ವಾರದವರೆಗೆ ಕಾಯುವ ತಾಳ್ಮೆ ಭಾವನಿಗೆಲ್ಲಿಂದ ಬರಬೇಕು. ಕಚೇರಿ ಬಿಟ್ಟವರೇ ನೇರ ಔಷಧಿ ಅಂಗಡಿಗೆ ಹೋದರು.

“ಚರ್ಮ ಬಿರುಕು ಬಿಟ್ಟಿದೆ. ಮೆತ್ತಗಾಗೋ ಹಾಗೆ ಏನಾದ್ರೂ ಕೊಡಿ.”

“ಕೈಯಾ, ಕಾಲಾ?” ಅಂದ ಅಂಗಡಿಯವನು.

ಸೀಟಿಗೂ ಕೈ ಉಂಟು, ಅಂದರೆ ತೋಳಿಡುವ ಪಟ್ಟಿ. ಇವನಿಗೆ ವಿಷಯ ಗೊತ್ತಿದೆ ಎಂದು ಭಾವನಿಗೆ ಸಮಾಧಾನವಾಯಿತು. “ಕೈ ಚೆನ್ನಾಗಿದೆ. ಕೂತ್ಕೊಳ್ಳೋ ಜಾಗದಲ್ಲಿ ಬಿಟ್ಟಿರೋದು. ಬಲಗಡೆ. ಒಂಬತ್ತು ಸೆಂಟಿಮೀಟರ್.”

ಅಂಗಡಿಯವನು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದ. “ಒಂಬತ್ತು ಅಂತ ಹೇಗೆ ಗೊತ್ತಾಯ್ತು?”

“ಸ್ಕೇಲಿಟ್ಟು ನೋಡಿದೆ. ಟಾರ್ಚ್ ಬಿಟ್ಟು.”

“ನೀವೇನಾ?”

“ಬೇರೆಯವರನ್ನ ನಾನು ಮುಟ್ಟೋದಕ್ಕೆ ಬಿಡಲ್ಲ.”

“ನೋವಿದೆಯಾ?”

“ತುಂಬಾ ಇದೆ. ಎರಡು ದಿನದಿಂದ ಊಟ ಸೇರ್ತಿಲ್ಲ.”

“ಡಾಕ್ಟರ ಹತ್ರ ಹೋಗಬಾರದೇ ಸಾರ್?”

“ಮುಂಚೆ ಡಾಕ್ಟರ ಕೈಲೇ ಇತ್ತು. ಹನ್ನೆರಡು ವರ್ಷ. ಏನೂ ಆರೈಕೆ ಮಾಡಲಿಲ್ಲ ಮಹಾರಾಯರು.”

ಅಂಗಡಿಯವನು ಮರುಕದಿಂದ ಒಂದು ಟ್ಯೂಬ್ ತೆಗೆದಿಟ್ಟ. ಭಾವ ಅದನ್ನು ಕೈಯಲ್ಲಿ ತೂಗಿ ನೋಡಿ, “ಇದು ಯಾವ ಮೂಲೆಗೆ? ಅರ್ಧ ಕೇಜಿ ಡಬ್ಬಿ ಕೊಡಿ. ಹಿಂದೆ ಮುಂದೆ ಎಲ್ಲ ಬಳೀಬೇಕು,” ಅಂದರು.

ಅವರ ಬೆನ್ನ ಹಿಂದೆ, ಕೆಮ್ಮಿನ ಮಾತ್ರೆಗೆಂದು ಬಂದಿದ್ದ ಟಪಾಲು ಮೇಡಂ ನಿಂತಿದ್ದರು. ಭಾವನ ಕಚೇರಿಗೆ ಬರುವ ಕಾಗದ, ಹೋಗುವ ಕಾಗದ ಎರಡೂ ಅವರ ಮೇಜಿನ ಮೇಲಿಂದಲೇ ಹೋಗಬೇಕು. ಬಂದದ್ದನ್ನು ಬಂದ ದಿನವೇ ವಿಲೇವಾರಿ ಮಾಡುವುದರಲ್ಲಿ ಅವರದು ದೊಡ್ಡ ಹೆಸರು. ಮಾತ್ರೆಯನ್ನೂ ತೆಗೆದುಕೊಳ್ಳದೆ ಹೊರಟುಹೋದರು.

ಮರುದಿನ ಬೆಳಿಗ್ಗೆ ಭಾವ ಕಚೇರಿಗೆ ಹೋದರೆ ಅವರ ಕುರ್ಚಿಯ ಮೇಲೆ ದಪ್ಪನೆಯ ದಿಂಬು. ಇಪ್ಪತ್ತೆರಡು ವರ್ಷದಿಂದ ಕಿರ್ ಅನ್ನುತ್ತಿದ್ದ ಆ ಕುರ್ಚಿಗೆ ಯಾರೂ ಒಂದು ಮೊಳೆ ಹೊಡೆಸಿರಲಿಲ್ಲ. ಭಾವ ಕೂತು, ಒಮ್ಮೆ ಪುಟಿದು ನೋಡಿ, ಸುತ್ತಲೂ ಕಣ್ಣಾಡಿಸಿದರು. ಎಲ್ಲರೂ ಕಡತದೊಳಗೆ ಮುಖ ಇಟ್ಟಿದ್ದರು.

‘ಗೊತ್ತಾಗಿದೆ,’ ಅಂದುಕೊಂಡರು ಭಾವ. ಕಾರಿನ ವಿಷಯ ಅಂತೂ ಹೊರಬಿತ್ತು.

ಆಮೇಲೆ ಗೌರವ ದಿನದಿಂದ ದಿನಕ್ಕೆ ಏರಿತು. ಭಾವನ ಮೇಜು ಕಿಟಕಿಯ ಪಕ್ಕಕ್ಕೆ ಹೋಯಿತು, ಒಂಟಿಯಾಗಿ, ಗಾಳಿ ಬೆಳಕು ಇರುವ ಕಡೆ. ಎಲ್ಲರಿಗೂ ಗಾಜಿನ ಲೋಟದಲ್ಲಿ ಚಹಾ ಬಂದರೆ ಅವರಿಗೊಂದು ಹೂವಿನ ಚಿತ್ರದ ಪಿಂಗಾಣಿ ಬಟ್ಟಲು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅವರು ಮೆಟ್ಟಿಲು ಹತ್ತುತ್ತಿದ್ದರೆ ಇಳಿಯುತ್ತಿದ್ದವರು ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದರು. ಸಹಿ ಮಾಡಲು ಪೆನ್ನು ಕೇಳಿದರೆ ಕೊಟ್ಟವರು, “ಇಟ್ಕೊಳ್ಳಿ, ನಿಮಗೇ ಇರಲಿ,” ಅನ್ನುತ್ತಿದ್ದರು. ಹಾಗೆ ಭಾವನ ಹತ್ತಿರ ಹನ್ನೊಂದು ಪೆನ್ನು ಸೇರಿದವು. ಕಚೇರಿಯವರೆಲ್ಲ ಹೋಗುವ ಕ್ಷೌರದಂಗಡಿಯಲ್ಲಿಯೂ ಅಷ್ಟೆ. ಕ್ಷೌರಿಕ ಹೊಸ ಬ್ಲೇಡು ಬಿಚ್ಚಿ, ಹೊಸ ಬಟ್ಟೆ ಹೊದಿಸಿ, ಕೈಗೆ ರಬ್ಬರಿನ ಗವಸು ತೊಟ್ಟು ಗಡ್ಡ ಹೆರೆದ.

“ಒಂದು ವಾಹನ ಅಂತ ಇದ್ರೆ ಜನ ನೋಡೋ ರೀತಿಯೇ ಬೇರೆ ಕಣೋ,” ಅಂದರು ನನಗೆ. “ಕ್ಷೌರದವನು ಗವಸು ಹಾಕ್ಕೊಂಡ. ಮಂತ್ರಿಗಳಿಗೂ ಹಾಕ್ಕೊಳ್ಳಲ್ಲ.”

ನನಗೆ ಏನೋ ಸರಿಯಿಲ್ಲ ಅನ್ನಿಸಿದ್ದು ನಿಜ. ಆದರೆ ಸಂತೋಷವಾಗಿರುವ ಭಾವನನ್ನು ಕೆದಕಲು ಯಾವ ಭಾವಮೈದುನನಿಗೂ ಮನಸ್ಸು ಬರುವುದಿಲ್ಲ.

ಈ ಮಧ್ಯೆ ಚರ್ಮದ ಆರೈಕೆ ನಿಂತಿರಲಿಲ್ಲ. ಬಿಸಿಲು ಸರಿದಂತೆ ಮರದ ನೆರಳು ಸರಿಯುತ್ತದೆ, ನೆರಳು ಸರಿದಂತೆ ಕಾರು ಸರಿಯಬೇಕು. ಗಂಟೆಗೊಮ್ಮೆ ಭಾವ ಡಬ್ಬಿ ಹಿಡಿದುಕೊಂಡು ಎದ್ದು ಹೋಗುವುದನ್ನು ಸಾಹೇಬರು ಗಮನಿಸಿದರು. ಸಾಹೇಬರು ಮೃದು ಮನುಷ್ಯ, ಯಾರನ್ನೂ ಬೈದು ಗೊತ್ತಿಲ್ಲ. ಒಳಗೆ ಕರೆದು, ತಾವೇ ಎದ್ದು ಎರಡು ಹೆಜ್ಜೆ ಹಿಂದೆ ನಿಂತು ಕೇಳಿದರು.

“ಪದೇ ಪದೇ ಎದ್ದು ಹೋಗ್ತೀರಂತೆ.”

“ಕ್ಷಮಿಸಬೇಕು ಸಾರ್. ಬಿಸಿಲು ಬಿದ್ರೆ ಚರ್ಮ ಒಣಗುತ್ತೆ. ಸ್ವಲ್ಪ ಹಚ್ಚಿ, ತಿಕ್ಕಿ, ಬಂದುಬಿಡ್ತೀನಿ. ಆರು ನಿಮಿಷ.”

“ಎಲ್ಲಿ ಹಚ್ತೀರಿ?”

“ಹಿಂದಿನ ಓಣಿಯಲ್ಲಿ ಸಾರ್.”

ಸಾಹೇಬರು ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. “ಬಯಲಲ್ಲಾ?”

“ಮರದ ಮರೆ ಇದೆ ಸಾರ್. ಯಾರೂ ಬರಲ್ಲ. ಬಂದ್ರೂ ನನಗೇನು ಸಂಕೋಚ? ಇಂಥ ಚರ್ಮ ಎಷ್ಟು ಜನರ ಹತ್ರ ಇದೆ.”

“ಧೈರ್ಯವಂತರು ನೀವು,” ಅಂದರು ಸಾಹೇಬರು, ಗದ್ಗದಿತರಾಗಿ. “ಅಗತ್ಯ ಬಿದ್ದಾಗ ಹೋಗಿ ಬನ್ನಿ. ನನ್ನನ್ನ ಕೇಳಬೇಡಿ.”

ಭಾವ ಆ ದಿನ ಮನೆಗೆ ಬರುವಾಗ ಹಾರ್ನು ಮಾಡಿಕೊಂಡು ಬಂದರು.

ಕುರ್ಚಿಗೆ ದಿಂಬು ಬಂದ ಮೇಲಿನ ಮೂರನೆಯ ಭಾನುವಾರ ಬೆಳಿಗ್ಗೆ ಕಡತಣ್ಣ ಮನೆಗೆ ಬಂದರು. ಕಚೇರಿಯ ಹಳೆಯ ಕಾಗದಗಳನ್ನು ಇಡುವ ಕೋಣೆ ನೋಡಿಕೊಳ್ಳುವುದು ಅವರ ಕೆಲಸ, ಅದಕ್ಕೇ ಎಲ್ಲರೂ ಹಾಗೆ ಕರೆಯುವುದು. ಐವತ್ತರ ಆಸುಪಾಸು. ಎಂಥ ಬೇಸಗೆಯಲ್ಲೂ ತುಂಬುತೋಳಿನ ಅಂಗಿ, ಮಣಿಕಟ್ಟಿನ ಗುಂಡಿ ಹಾಕಿಯೇ ಇರುತ್ತಿತ್ತು. ಯಾರ ಮನೆಗೂ ಹೋಗುವವರಲ್ಲ, ಮಾತೂ ಕಡಿಮೆ. ಸೈಕಲ್ಲನ್ನು ಗೇಟಿಗೆ ಒರಗಿಸಿ, ಒಳಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತರು. ನಾನು ಪೇಪರ್ ಓದುತ್ತಾ ಅಲ್ಲೇ ಇದ್ದೆ. ಅಕ್ಕ ಅಡುಗೆಮನೆಯಲ್ಲಿದ್ದಳು. ಕಾರು ಶೆಡ್ಡಿನಲ್ಲಿ ಕವರು ಹೊದ್ದುಕೊಂಡು ಮಲಗಿತ್ತು.

“ಒಂದು ವಿಷಯ ಮಾತಾಡಬೇಕಿತ್ತು,” ಅಂದರು ಕಡತಣ್ಣ. “ಚರ್ಮದ ವಿಷಯ.”

ಭಾವನ ಮುಖ ಅರಳಿತು. ಮನೆಯಲ್ಲಿ ಆ ವಿಷಯ ಎತ್ತಿದರೆ ಎಲ್ಲರೂ ಎದ್ದು ಹೋಗುತ್ತಿದ್ದರು. ಕೇಳುವವರು ಮನೆ ಹುಡುಕಿಕೊಂಡು ಬಂದದ್ದು ಇದೇ ಮೊದಲು.

“ಮಾತಾಡಿ, ಮಾತಾಡಿ. ನಿಮಗೂ ಇದೆಯಾ?”

“ಹನ್ನೊಂದು ವರ್ಷದಿಂದ.”

“ಹನ್ನೊಂದು ವರ್ಷದಿಂದ ಇಟ್ಕೊಂಡು ಒಂದು ಮಾತು ಹೇಳಲಿಲ್ಲವಲ್ರೀ.”

“ಯಾರಿಗೂ ಹೇಳಿಲ್ಲ. ನನ್ನ ಹೆಂಡತಿಗೆ ಮಾತ್ರ ಗೊತ್ತು.”

“ಅದರಲ್ಲಿ ಮುಚ್ಚಿಡೋದೇನಿದೆ? ನಾನು ನೋಡಿ, ಸಾಹೇಬರ ಮುಂದೇನೇ ರಾಜಾರೋಷವಾಗಿ ಹೇಳ್ಕೊಂಡೆ.”

“ಅದನ್ನ ನೋಡೇ ನನಗೆ ಧೈರ್ಯ ಬಂದಿದ್ದು,” ಅಂದರು ಕಡತಣ್ಣ. ಅವರ ಬೆರಳು ಮಣಿಕಟ್ಟಿನ ಗುಂಡಿಯ ಮೇಲೆ ಆಡುತ್ತಿತ್ತು.

ಭಾವ ಅದನ್ನು ಗಮನಿಸಲಿಲ್ಲ. “ಯಾವಾಗಲೂ ಮುಚ್ಚೇ ಇಟ್ಟಿರ್ತೀರಾ?”

“ಯಾವಾಗಲೂ.”

“ದೊಡ್ಡ ತಪ್ಪು. ಉಸಿರು ಕಟ್ಟುತ್ತೆ. ಗಾಳಿ ಆಡಬೇಕು. ಬನ್ನಿ, ತೋರಿಸಿ, ನೋಡೇ ಬಿಡೋಣ,” ಎಂದು ಎದ್ದು, ಹೊರಗೆ ಹೋಗಲು ಚಪ್ಪಲಿಗೆ ಕಾಲು ಹಾಕಿದರು.

ಕಡತಣ್ಣ ಎದ್ದೇಳಲಿಲ್ಲ. ಕೂತಲ್ಲೇ ಬಲಗೈಯ ಮಣಿಕಟ್ಟಿನ ಗುಂಡಿ ಬಿಚ್ಚಿದರು. ತೋಳನ್ನು ಮಡಚಿ ಮಡಚಿ ಮೊಣಕೈಯ ತನಕ ತಂದರು. ಕೈಯ ತುಂಬ ಕೆಂಪು ಕೆಂಪು ಮಚ್ಚೆ, ಅದರ ಮೇಲೆ ಬೂದಿ ಉದುರಿದ ಹಾಗೆ ಬಿಳಿ ಪೊರೆ.

“ಎಡಗೈಯಲ್ಲೂ ಹೀಗೇ,” ಅಂದರು. “ನಿಮ್ಮದು ಕೂತ್ಕೊಳ್ಳೋ ಜಾಗದಲ್ಲಿ ಅಂತೆ. ಪಾಪ, ಇನ್ನೂ ಕಷ್ಟ.”

ನಾನು ಪೇಪರಿನ ಮೇಲಿಂದ ಭಾವನ ಮುಖ ನೋಡಿದೆ. ಒಂದು ಕಾಲು ಚಪ್ಪಲಿಯಲ್ಲಿ, ಒಂದು ನೆಲದ ಮೇಲೆ. ಆ ಮುಖದಲ್ಲಿ ದಿಂಬು ಬಂದು ಹೋಯಿತು, ಕಿಟಕಿ ಬಂದು ಹೋಯಿತು, ಪಿಂಗಾಣಿ ಬಟ್ಟಲು, ಹನ್ನೊಂದು ಪೆನ್ನು, ರಬ್ಬರ್ ಗವಸು, ಕಡೆಗೆ ಸಾಹೇಬರು ಕಣ್ಣು ಮುಚ್ಚಿಕೊಂಡದ್ದು. ಒಂದೊಂದೇ ಬಂದು ಕೂತವು. ಕಿವಿ ಮೊದಲು ಕೆಂಪಾಯಿತು, ಆಮೇಲೆ ಕುತ್ತಿಗೆ.

ಅಷ್ಟರಲ್ಲಿ ಅಕ್ಕ ಚಹಾ ತಂದಳು. ಕೊನೆಯ ಮಾತಷ್ಟೇ ಅವಳ ಕಿವಿಗೆ ಬಿದ್ದಿತ್ತು. “ಕೂತ್ಕೊಳ್ಳೋ ಜಾಗದ ಬಿರುಕಾ? ಅಯ್ಯೋ, ಅದು ಇವರ...” ಎಂದು ಶುರು ಮಾಡಿದಳು.

“ಹೌದು, ನಂದೇ,” ಅಂದರು ಭಾವ, ಅವಳ ಮಾತನ್ನು ಅಲ್ಲೇ ತಡೆದು. “ನಂದೇ ಅದು. ಸ್ವಲ್ಪ ಕಷ್ಟವೇ. ಏನು ಮಾಡೋದು.”

ಅಕ್ಕ ಅವರ ಮುಖ ನೋಡಿದಳು, ಕಡತಣ್ಣನ ಕೈ ನೋಡಿದಳು. ನಮ್ಮಕ್ಕ ಜಾಣೆ. ತಟ್ಟೆ ಇಟ್ಟು, ಕಡತಣ್ಣನಿಗೆ ಲೋಟವನ್ನು ತಾನೇ ಕೈಗೆ ಕೊಟ್ಟು, ಸುಮ್ಮನೆ ಪಕ್ಕದಲ್ಲಿ ಕೂತಳು.

ಕಡತಣ್ಣ ಆಮೇಲೆ ಎಲ್ಲ ಹೇಳಿಕೊಂಡರು. ಶುರುವಾದಾಗ ಅವರು ಮುಂದಿನ ಕೌಂಟರಿನಲ್ಲಿ ಕೂರುತ್ತಿದ್ದರಂತೆ. ಒಬ್ಬ ಅಂಗಡಿಯವನು ಅವರ ಕೈ ನೋಡಿ, ಕಾಗದವನ್ನು ಕೈಗೆ ಕೊಡದೆ ಮೇಜಿನ ಮೇಲೆ ಎಸೆದನಂತೆ. ಮಾರನೆಯ ದಿನವೇ ಬರೆದುಕೊಟ್ಟು ಕಡತದ ಕೋಣೆಗೆ ಹೋಗಿ ಸೇರಿಕೊಂಡರು. ಮೇಲಿನ ಹುದ್ದೆ ಎರಡು ಸಲ ಬಂತು. ಅದಕ್ಕೆ ಕೌಂಟರಿನಲ್ಲಿ ಕೂರಬೇಕು. ಎರಡು ಸಲವೂ ಬೇಡ ಅಂದರು. ಈಗ ಮೂರನೆಯ ಸಲ ಬಂದಿತ್ತು, ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು.

“ಡಾಕ್ಟರು ಏನಂದ್ರು?” ಎಂದು ಕೇಳಿದಳು ಅಕ್ಕ.

“ಹೋಗೇ ಇಲ್ಲ ಅಮ್ಮ. ಅವರು ಇನ್ನೇನೋ ದೊಡ್ಡ ಹೆಸರು ಹೇಳಿಬಿಟ್ರೆ ಅಂತ ಭಯ. ಯಾರಾದ್ರೂ ಜೊತೆಗಿದ್ರೆ ಹೋಗ್ತಿದ್ದೆ. ಅದೇ ಕಷ್ಟ ಇರೋರು.” ಭಾವನ ಕಡೆ ತಿರುಗಿದರು. “ನೀವು ಯಾರ ಹತ್ರ ತೋರಿಸ್ತಿದೀರಿ?”

ಸತ್ಯ ಹೇಳಲು ಇದೇ ಕೊನೆಯ ಅವಕಾಶ. ಒಂಬತ್ತು ಸೆಂಟಿಮೀಟರನ್ನು ಒಂಬತ್ತೂವರೆ ಎಂದೂ ಹೇಳದ ಮನುಷ್ಯ ನಮ್ಮ ಭಾವ.

“ನಾಳೆ ಸಂಜೆ ಹೊಸ ಡಾಕ್ಟರ ಹತ್ರ ಹೋಗ್ತಿದೀನಿ,” ಅಂದರು. “ಇಬ್ಬರೂ ಹೋಗೋಣ.”

ಕಡತಣ್ಣ ಹೋದ ಮೇಲೆ ಅಕ್ಕ ನೆಲದ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಕ್ಕು ನಕ್ಕು ಸುಸ್ತಾಗಿ, ಕಣ್ಣೊರೆಸಿಕೊಂಡು, “ಅವರಿಗೆ ಮಾತ್ರ ಹೇಳಬೇಡಿ ರೀ,” ಅಂದಳು. ಭಾವನಿಗೆ ನಗು ಬರಲಿಲ್ಲ. “ಸಾಹೇಬರು ‘ಬಯಲಲ್ಲಾ’ ಅಂತ ಕೇಳಿದ್ರು ಕಣೇ,” ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು.

ಸೋಮವಾರ ಸಂಜೆ ಕಾರಿನಲ್ಲಿ ಹೋದೆವು. ನಾನು ಹಿಂದೆ, ಹಾಳೆ ಟವಲು ಹಾಳೆಯ ಮೇಲೆ. ಕಡತಣ್ಣನಿಗೆ ಭಾವ ಮುಂದಿನ ಬಾಗಿಲು ತೆಗೆದರು. ಡ್ರೈವರ್ ಸೀಟಿನ ಮೇಲೆ ಮೂರು ಮಡಿಕೆಯ ಟವಲಿತ್ತು, ಬಿರುಕು ಕಾಣುತ್ತಿರಲಿಲ್ಲ. ಪಕ್ಕದ ಸೀಟಿನ ಮೇಲೆ ಏನೂ ಇರಲಿಲ್ಲ. ಕಡತಣ್ಣ ಹತ್ತದೆ ನಿಂತರು.

“ಎರಡೂ ಕೈಗೆ ಕೊಬ್ಬರಿಎಣ್ಣೆ ಹಚ್ಚಿದೀನಿ. ಸೀಟಿಗೆ ಅಂಟುತ್ತೆ. ಒಂದು ಪೇಪರ್ ಇದ್ರೆ ಹಾಕಿ.”

ಭಾವ ಹಿಂದಿನ ಸೀಟಿನ ಹಾಳೆಯ ಕಡೆ ಕೈ ಚಾಚಿ, ಹಾಗೇ ಹಿಂದಕ್ಕೆ ತೆಗೆದರು.

“ಅಂಟಲಿ ಬಿಡಿ,” ಅಂದರು. “ಆರಾಮಾಗಿ ತೋಳಿಟ್ಕೊಂಡು ಕೂತ್ಕೊಳ್ಳಿ.”

ದಾರಿಯುದ್ದಕ್ಕೂ ಆ ಎಣ್ಣೆ ಕೈ ಚರ್ಮದ ಮೇಲೆ ಹೋಗಿ ಬರುತ್ತಿತ್ತು. ಭಾವ ಒಂದು ಸಲವೂ ಆ ಕಡೆ ತಿರುಗಲಿಲ್ಲ. ತಿರುಗಿದರೆ ತಡೆಯಲಾರೆ ಎಂದು ಗೊತ್ತಿತ್ತೇನೋ.

ಡಾಕ್ಟರಮ್ಮ ಚುರುಕಿನವರು. ಇಬ್ಬರನ್ನೂ ಒಟ್ಟಿಗೆ ಒಳಗೆ ಕರೆದರು. ಅಲ್ಲಿ ನಡೆದದ್ದನ್ನು ನನಗೆ ಭಾವನೇ ಹೇಳಿದ್ದು. ಕಡತಣ್ಣನ ಕೈಯನ್ನು ಅವರು ಬರಿಗೈಯಲ್ಲೇ ಹಿಡಿದು, ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. ಹನ್ನೊಂದು ವರ್ಷದಲ್ಲಿ ಹೆಂಡತಿ ಬಿಟ್ಟು ಬೇರೆ ಯಾರೂ ಆ ಕೈ ಹಿಡಿದಿರಲಿಲ್ಲ.

“ಇದು ಸೋರಿಯಾಸಿಸ್,” ಅಂದರು. “ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಪೂರ್ತಿ ಹೋಗುತ್ತೆ ಅಂತ ನಾನು ಸುಳ್ಳು ಹೇಳಲ್ಲ, ಆದರೆ ಹತೋಟಿಗೆ ಬರುತ್ತೆ. ಹನ್ನೊಂದು ವರ್ಷ ಯಾಕೆ ಸುಮ್ಮನಿದ್ರಿ?”

“ಅಂಟಲ್ವಾ?” ಎಂದು ಕೇಳಿದರು ಕಡತಣ್ಣ. “ಮೊಮ್ಮಗುನ ಎತ್ಕೋಬಹುದಾ?”

“ಈಗಲೇ ಹೋಗಿ ಎತ್ಕೊಳ್ಳಿ,” ಅಂದು, ಡಾಕ್ಟರಮ್ಮ ಭಾವನ ಕಡೆ ತಿರುಗಿದರು. “ಈಗ ನೀವು. ಪರದೆ ಹಿಂದೆ ಬನ್ನಿ. ಎಲ್ಲಿ ತೊಂದರೆ?”

ಪರದೆಯ ಹಿಂದೆ ಹೋಗಿ ಭಾವ ಕೈಮುಗಿದರು. ಪಿಸುದನಿಯಲ್ಲಿ, “ತಾಯಿ, ನನಗೇನೂ ಆಗಿಲ್ಲ. ಬಿರುಕು ಬಿಟ್ಟಿರೋದು ನನ್ನ ಕಾರಿನ ಸೀಟು,” ಅಂದರು. ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಹೇಳಿದರು. ಡಾಕ್ಟರಮ್ಮ ಅಷ್ಟೂ ಹೊತ್ತು ಅವರನ್ನೇ ದಿಟ್ಟಿಸಿ ನೋಡುತ್ತಿದ್ದರು. ಇನ್ನೇನು ಹೊರಗೆ ಅಟ್ಟುತ್ತಾರೆ ಅನ್ನುವಾಗ ಗಂಟಲು ಸರಿ ಮಾಡಿಕೊಂಡು, ಪರದೆಯಾಚೆಗೆ ಕೇಳುವ ಹಾಗೆ ಮಾತಾಡಿದರು.

“ಏನು ಹಚ್ತಿದೀರಿ ಇದಕ್ಕೆ?”

“ಕ್ರೀಮು. ಅರ್ಧ ಕೇಜಿ ಆಯ್ತು.”

“ಅಷ್ಟು ಬಳಿದ್ರೆ ಉಸಿರಾಡೋದು ಹೇಗೆ? ಒದ್ದೆ ಬಟ್ಟೆಯಲ್ಲಿ ಹಗುರವಾಗಿ ಒರೆಸಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ, ಸುಮ್ಮನೆ ಬಿಡಿ. ಹಚ್ಚೋದೇ ಆದ್ರೆ ಅದಕ್ಕೇ ಅಂತ ಮಾಡಿದ್ದು ಹಚ್ಚಿ, ಕೊಂಚವೇ.” ಅವರ ಮನೆಯಲ್ಲಿ ಲೆದರ್ ಸೋಫಾ ಇತ್ತಂತೆ. “ಹಿಂದಿನ ಜೇಬಲ್ಲಿ ಏನದು?”

ಭಾವ ತೆಗೆದು ತೋರಿಸಿದರು. ಮನೆ, ಬೀರು, ಶೆಡ್ಡು, ಕಚೇರಿಯ ಬಟ್ಟುಗಳ ಕಪಾಟು, ಎಲ್ಲ ಸೇರಿ ಹದಿನಾಲ್ಕು ಬೀಗದಕೈಗಳ ಗೊಂಚಲು.

“ಇದನ್ನ ಇಟ್ಕೊಂಡು ದಿನಾ ಕೂತು ಏಳ್ತೀರಾ? ಬಲಗಡೆನೇ ಅಲ್ವಾ?”

ಬಿರುಕು ಬಿದ್ದದ್ದು ಬಲಗಡೆ. ಊರಿನವರ ಕ್ಲಿಪ್ಪು, ಗುಂಡಿ, ಬಕಲ್ಲು ಎಲ್ಲ ತಪಾಸಣೆ ಮಾಡಿದ್ದ ಭಾವ, ತಮ್ಮದೇ ಜೇಬನ್ನು ಒಮ್ಮೆಯೂ ತಡವಿ ನೋಡಿರಲಿಲ್ಲ.

“ಬೇರೆ ಯಾರೂ ಮಾಡಿದ್ದಲ್ಲ, ನೀವೇ ಮಾಡ್ಕೊಂಡಿದ್ದು,” ಅಂದರು ಡಾಕ್ಟರಮ್ಮ. ಪರದೆಯಾಚೆ ಕೂತಿದ್ದ ಕಡತಣ್ಣ ಇದನ್ನು ಕೇಳಿ, ವಾಪಸು ಬರುವಾಗ ದಾರಿಯುದ್ದಕ್ಕೂ ಭಾವನಿಗೇ ಸಮಾಧಾನ ಹೇಳಿದರು.

ಬುಧವಾರ ಕಡತಣ್ಣ ಅರ್ಧ ತೋಳಿನ ಅಂಗಿ ಹಾಕಿಕೊಂಡು ಕಚೇರಿಗೆ ಹೋದರು. ಎಲ್ಲರೂ ನೋಡಿದರು. ಹನ್ನೊಂದು ಗಂಟೆಗೆ ಚಹಾ ಬಂತು. ಕಡತಣ್ಣ ಎದ್ದು ಕಿಟಕಿಯ ಪಕ್ಕಕ್ಕೆ ಹೋಗಿ, ಭಾವನ ಪಿಂಗಾಣಿ ಬಟ್ಟಲನ್ನು ಎತ್ತಿಕೊಂಡು, ಅದರಲ್ಲಿದ್ದ ಚಹಾವನ್ನು ತಾವೇ ಕುಡಿದರು. ತಮ್ಮ ಗಾಜಿನ ಲೋಟವನ್ನು ಭಾವನ ಕೈಗೆ ಕೊಟ್ಟರು.

“ಡಾಕ್ಟರ ಹತ್ರ ಹೋಗಿ ಬಂದ್ವಿ,” ಅಂದರು. ಹನ್ನೊಂದು ವರ್ಷದಲ್ಲಿ ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. “ನಂದು ಕೈ, ಎಲ್ಲರೂ ನೋಡಿ. ಇದು ಅಂಟಲ್ಲ. ಇವರದ್ದೂ ಅಂಟಲ್ಲ. ಇವರದ್ದನ್ನ ನೋಡಬೇಕು ಅಂತ ಮಾತ್ರ ಕೇಳಬೇಡಿ.”

ಟಪಾಲು ಮೇಡಂ ಮುಖ ಸಣ್ಣದಾಯಿತು. ಎದ್ದು ಬಂದು, ಭಾವನ ಮೇಜಿನಿಂದ ಒಂದು ಪೆನ್ನು ತೆಗೆದುಕೊಂಡು, “ಇದು ನಂದು,” ಅಂದರು. ಸಂಜೆಯೊಳಗೆ ಹನ್ನೊಂದೂ ಪೆನ್ನು ಹೋದವು. ಮೇಜನ್ನು ಎಲ್ಲರೂ ಸೇರಿ ಹಳೆಯ ಜಾಗಕ್ಕೆ ತಂದಿಟ್ಟರು. ಭಾವನಿಗೆ ಆ ಕಿಟಕಿಯ ಗಾಳಿ ಬಿಟ್ಟು ಬರಲು ಸ್ವಲ್ಪ ಸಂಕಟವಾಯಿತಂತೆ, ಆದರೆ ಹಾಗೆಂದು ಹೇಳುವಂತಿರಲಿಲ್ಲ.

ತಿಂಗಳ ಕೊನೆಯಲ್ಲಿ ಕಡತಣ್ಣ ಒಪ್ಪಿಗೆ ಬರೆದುಕೊಟ್ಟು ಮುಂದಿನ ಕೌಂಟರಿಗೆ ಬಂದರು. ಅದಾಗಿ ನಾಲ್ಕನೆಯ ದಿನ ಒಬ್ಬ ದಪ್ಪ ಮೀಸೆಯವನು ಕೌಂಟರಿಗೆ ಬಂದ. ಹೆಗಲಲ್ಲಿ ಚೀಲ, ಕಿವಿಯ ಸಂದಿಯಲ್ಲಿ ಪೆನ್ಸಿಲ್.

“ಇಲ್ಲಿಂದ ಒಬ್ಬರು ಫೋನ್ ಮಾಡಿದ್ರು. ಚರ್ಮ ಬಿರುಕು ಬಿಟ್ಟಿದೆ, ಕೂತ್ಕೊಳ್ಳೋ ಜಾಗದಲ್ಲಿ, ಬಲಗಡೆ, ಒಂಬತ್ತು ಸೆಂಟಿಮೀಟರ್ ಅಂದ್ರು. ಕಾರಿನ ಸೀಟು ಹೊಲಿಯೋನು ನಾನು, ಬಿಚ್ಚಿ ಹೊಲಿಯೋಕೆ ಎರಡು ದಿನ ಬೇಕು. ಗಾಡಿ ಎಲ್ಲಿ ನಿಲ್ಸಿದಾರೆ?”

ಕಡತಣ್ಣ ಅವನನ್ನು ನೋಡಿದರು. ಟಪಾಲು ಮೇಡಂ ಕಚೇರಿಗೆಲ್ಲ ಹಂಚಿದ್ದ ಅದೇ ಅಳತೆ. ‘ಒಂಬತ್ತು ಸೆಂಟಿಮೀಟರ್’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಮೊದಲು ಒಂಥರಾ ಆಯಿತು, ಮೋಸಹೋದೆ ಅನ್ನಿಸಿತು ಎಂದು ಅವರೇ ಆಮೇಲೆ ನನಗೆ ಹೇಳಿದರು. ಆಮೇಲೆ ಡಾಕ್ಟರಮ್ಮನ ಹತ್ತಿರ ಹೋದ ಆ ಸಂಜೆ, ಎಣ್ಣೆ ಕೈ ಇಡಲು ಹೇಳಿ ಈ ಮನುಷ್ಯ ಸ್ಟೀರಿಂಗನ್ನು ಎ‍ಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದ ಎಂಬುದು ನೆನಪಾಯಿತಂತೆ.

ಮೀಸೆಯವನನ್ನು ಬೆಂಚಿನ ಮೇಲೆ ಕೂರಿಸಿ, ಒಳಗೆ ಬಂದು, ಭಾವನ ಮೇಜಿನ ಮುಂದೆ ನಿಂತು, ಇಡೀ ಕೋಣೆಗೆ ಕೇಳುವಂತೆ ಹೇಳಿದರು.

“ನಿಮ್ಮ ಡಾಕ್ಟರು ಬಂದಿದಾರೆ. ಸೂಜಿ ದಾರ ತಂದಿದಾರೆ. ಎರಡು ದಿನ ಬಿಚ್ಚಿಟ್ಕೊಂಡು ಹೊಲೀಬೇಕಂತೆ.”

ಭಾವ ತಲೆಯೆತ್ತಿ ಕಡತಣ್ಣನ ಮುಖ ನೋಡಿದರು. ಕಡತಣ್ಣನ ಮುಖ ಗಂಭೀರವಾಗಿಯೇ ಇತ್ತು, ಕಣ್ಣು ಮಾತ್ರ ನಗುತ್ತಿತ್ತು. ಭಾವನಿಗೆ ಅರ್ಥವಾಯಿತು. ಏನೋ ಹೇಳಲು ಬಾಯಿ ತೆರೆದರು.

“ಏನೂ ಹೇಳಬೇಡಿ,” ಅಂದರು ಕಡತಣ್ಣ. “ನನ್ನ ಅಂಗಿ ಗುಂಡಿ ಬಿಚ್ಚಿಸಿದ್ದು ನೀವು. ಹೋಗಿ, ಹೊಲಿಸ್ಕೊಂಡು ಬನ್ನಿ.”

ಸಾಹೇಬರು ಬಾಗಿಲಲ್ಲಿ ನಿಂತು ಇಷ್ಟನ್ನೂ ಕೇಳಿಸಿಕೊಂಡಿದ್ದರು. ಅವರ ಮುಖ ಬಿಳಿಚಿಕೊಂಡಿತ್ತು. ಅರಿವಳಿಕೆ ಕೊಡ್ತಾರೆ ತಾನೇ ಎಂದು ಕೇಳಿದರು. ಕೊಡುವುದಿಲ್ಲ ಎಂದು ಭಾವ ನಿಜವನ್ನೇ ಹೇಳಿದರು. ತಕ್ಷಣ ಒಂದು ರಜೆ ಅರ್ಜಿ ಬರೆದುಕೊಡಿ, ಇಲ್ಲೇ ಸಹಿ ಹಾಕ್ತೀನಿ, ಅಂದರು ಸಾಹೇಬರು. ಭಾವ ಹುಟ್ಟಿದಾಗಿನಿಂದ ಕಾಗದದ ಮೇಲೆ ಒಂದು ಸುಳ್ಳು ಬರೆದವರಲ್ಲ. ಅವತ್ತೂ ಬರೆಯಲಿಲ್ಲ. ಮುತ್ತಿನಂಥ ಅಕ್ಷರದಲ್ಲಿ ಬರೆದರು: ‘ಕೂತುಕೊಳ್ಳುವ ಜಾಗದ ಚರ್ಮವನ್ನು ದುರಸ್ತಿ ಮಾಡಿಸಬೇಕಾಗಿರುವುದರಿಂದ ಎರಡು ದಿನ ರಜೆ ಮಂಜೂರು ಮಾಡಬೇಕಾಗಿ ವಿನಂತಿ.’

ಸಾಹೇಬರು ಅದನ್ನು ಪೂರ್ತಿ ಓದಲಾರದೆ, ಎರಡನ್ನು ಹೊಡೆದುಹಾಕಿ, ಎಂಟು ಎಂದು ತಿದ್ದಿ ಸಹಿ ಹಾಕಿದರು.